ಚೆನ್ನಾಜಮ್ಮ ಕೊಟ್ಟದ್ದು

ನಮ್ಮೂರಿನ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳಲು ಯಾರೂ ಕೂರುವುದಿಲ್ಲ. ಬೇರೆ ಊರುಗಳಲ್ಲಿ ಧಾರೆ ಮುಗಿದ ಮೇಲೆ ಹುಡುಗಿಯ ಕಡೆಯವರೊಬ್ಬರು ನೋಟ್‌ಬುಕ್ ಹಿಡಿದು, ಯಾರು ಎಷ್ಟು ಕೊಟ್ಟರು, ಸ್ಟೀಲ್ ಕೊಡ ಯಾರದು, ಗೋಡೆ ಗಡಿಯಾರ ಯಾರದು ಎಂದು ಬರೆಯುತ್ತಾರಂತೆ. ನಮ್ಮಲ್ಲೂ ಒಂದು ಕಾಲದಲ್ಲಿ ಬರೆಯುತ್ತಿದ್ದರು. ಹೆಸರಿನ ಮುಂದೆ ಸಹಿ ಹಾಕಿದವರು ಊಟದ ಪಂಕ್ತಿಗೆ ಹೋಗುವಷ್ಟರಲ್ಲಿ ಕೊಟ್ಟದ್ದನ್ನು ಮರೆತು, ಹಾಗೇ ಉಂಡು ಹೋದರೆ ಚೆನ್ನಾಗಿರುವುದಿಲ್ಲ ಎಂದು ವಾಪಸ್ ಬಂದು ಇನ್ನೊಮ್ಮೆ ಕೊಡುತ್ತಿದ್ದರು. ಒಬ್ಬರು ಒಂದೇ ಮದುವೆಯಲ್ಲಿ ನಾಲ್ಕು ಸಲ ಮುಯ್ಯಿ ಮಾಡಿದ ಮೇಲೆ ಹಿರಿಯರು ಸೇರಿ ನೋಟ್‌ಬುಕ್ ನಿಲ್ಲಿಸಿದರು.

ನಮ್ಮಲ್ಲಿ ಇರುವುದು ಇಷ್ಟೇ. ಕೊಟ್ಟದ್ದನ್ನು ಕಾಗದದ ಮೇಲೆ ಬರೆದು ಸಹಿ ಹಾಕಿದರೆ, ಬರೆದಷ್ಟೂ ಕೊಟ್ಟವರ ತಲೆಯಿಂದ ಹೋಗುತ್ತದೆ. ಬೇರೆಯವರು ಹೇಳಿದರೆ ಪಕ್ಕದ ಬೀದಿಯ ಸುದ್ದಿಯಂತೆ ಕೇಳಿಸಿಕೊಳ್ಳುತ್ತಾರೆ, ಬೆಳಗಾದರೆ ಅದೂ ಇರುವುದಿಲ್ಲ. ಸುಳ್ಳು ಬರೆದರೆ ಏನೂ ಹೋಗುವುದಿಲ್ಲ. ಸಾಲಕ್ಕೂ ಇದು ಹತ್ತುವುದಿಲ್ಲ. ಸಾಲ ಕೊಟ್ಟವರು ಬರೆದರೂ ಮರೆಯುವುದಿಲ್ಲ, ಬರೆಯದಿದ್ದರೂ ಮರೆಯುವುದಿಲ್ಲ. ಆ ವಿಷಯದಲ್ಲಿ ನಾವು ಎಲ್ಲ ಊರಿನವರಂತೆಯೇ.

ನಾನು ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಜಗಲಿಯಲ್ಲಿ ಮೇಜು ಹಾಕಿಕೊಂಡು ಪತ್ರ ಬರೆದುಕೊಡುವವನು. ಮೂವತ್ತೊಂದು ವರ್ಷವಾಯಿತು. ಎಲ್ಲರೂ ನನ್ನನ್ನು ರೈಟರು ಎನ್ನುತ್ತಾರೆ. ನನ್ನ ಹೆಸರು ನನ್ನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಈ ಊರಲ್ಲಿ ಅಪ್ಪಂದಿರು ಮಕ್ಕಳಿಗೆ ಸೈಟು ಬರೆದುಕೊಡುವಾಗ ದಾನಪತ್ರ ಮಾಡಿಸುವುದಿಲ್ಲ, ಒಂದು ರೂಪಾಯಿಗೆ ಕ್ರಯ ಮಾಡಿಸುತ್ತಾರೆ. ಮಾರಿದ್ದು ನೆನಪಿರುತ್ತದೆ. ಶಾಲೆಗೆ ಫ್ಯಾನು ಕೊಟ್ಟವರು ರೆಕ್ಕೆಯ ಮೇಲೆ ಹೆಸರು ಬರೆಸುವುದಿಲ್ಲ. ಬೇಕೆಂದೇ ಬರೆಸಲು ಬರುವವರೂ ಇದ್ದಾರೆ. ತಮ್ಮನಿಗೆ ಅರ್ಧ ಎಕರೆ ಬಿಟ್ಟುಕೊಟ್ಟು ಆಮೇಲೆ ಹೊಟ್ಟೆಯೊಳಗೆ ಕಿಚ್ಚು ಇಟ್ಟುಕೊಂಡು ತಿರುಗುತ್ತಿದ್ದ ಒಬ್ಬರು ನನ್ನಿಂದ ದಾನಪತ್ರ ಬರೆಸಿ ಸಹಿ ಹಾಕಿ, ಎದ್ದು ಹೋಗುವಾಗ ಸೀಟಿ ಹೊಡೆಯುತ್ತಿದ್ದರು.

ಬರೆಯಲೇಬೇಕಾದ ಕೊಡುಗೆ ಪತ್ರಗಳಿಗೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಯಾಕೆಂದರೆ ನಾನು ಕಡಿಮೆ ಬರೆಯುತ್ತೇನೆ. ಪದ ಕಡಿಮೆಯಾದಷ್ಟೂ ತಲೆಯಲ್ಲಿ ಉಳಿಯುವುದು ಹೆಚ್ಚು. ಎದುರಿನ ಮೇಜಿನ ಸೂರಪ್ಪ 'ಪ್ರೀತಿ ವಿಶ್ವಾಸದಿಂದ', 'ಆಜನ್ಮ ಬಾಂಧವ್ಯದ ಕುರುಹಾಗಿ' ಎಂದೆಲ್ಲ ಸೇರಿಸಿ ಎಷ್ಟು ಸಂಸಾರ ಹಾಳು ಮಾಡಿದ್ದಾನೋ ಲೆಕ್ಕವಿಲ್ಲ. ನನ್ನ ಕೈ ಬಿಗಿ ಎಂಬ ಜಂಬ ನನಗಿತ್ತು. ಇತ್ತು ಎನ್ನುತ್ತಿದ್ದೇನೆ.

ಚೆನ್ನಾಜಮ್ಮ ಮತ್ತು ಹೇಮಲತಾ ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಚೆನ್ನಾಜಮ್ಮನನ್ನು ಊರೆಲ್ಲ ಬಲ್ಲದು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬರೇ ನಡೆಸಿದವರು. ಮೊಣಕೈವರೆಗೆ ಸದಾ ಹಿಟ್ಟು ಮೆತ್ತಿಕೊಂಡಿರುತ್ತಿತ್ತು, ರಾಗಿ ದಿನ ಒಂದು ಬಣ್ಣ, ಗೋಧಿ ದಿನ ಒಂದು ಬಣ್ಣ. ಹೇಮಲತಾ ಅವರ ಗಂಡನ ತಂಗಿಯ ಮಗಳು. ತಾಯಿ ಸತ್ತಾಗ ಆರು ವರ್ಷದ ಮಗು; ಆವತ್ತಿನಿಂದ ಚೆನ್ನಾಜಮ್ಮನೇ ಸಾಕಿದರು. ನನ್ನ ಮೇಜಿಗೆ ಬಂದಾಗ ಅವಳಿಗೆ ಮೂವತ್ತೆರಡು. ಸ್ಟೇಷನ್ ರಸ್ತೆಯ ಹಲ್ಲಿನ ಲ್ಯಾಬಿನಲ್ಲಿ ಕಟ್ಟಿಸುವ ಹಲ್ಲುಗಳನ್ನು ಮಾಡುವ ಕೆಲಸ. ಅವಳ ಗಂಡ ಶ್ರೀಕಂಠ ದೂರದೊಂದು ತಣ್ಣನೆ ದೇಶದಲ್ಲಿ ವೆಲ್ಡರ್. ಮದುವೆಯಾಗಿ ನಾಲ್ಕು ವರ್ಷ, ಒಟ್ಟಿಗಿದ್ದದ್ದು ಇಪ್ಪತ್ಮೂರು ದಿನ. ಅವಳು ಅಲ್ಲಿಗೆ ಹೋಗಿ ನೆಲೆಸಬೇಕಾದರೆ, ಇಷ್ಟು ಹಣ ತನ್ನ ಹೆಸರಿನಲ್ಲಿದೆ ಎಂದು ಆ ದೇಶದ ವಲಸೆ ಕಚೇರಿಗೆ ತೋರಿಸಬೇಕು. ಸಾಲದ ಹಣ ನಡೆಯುವುದಿಲ್ಲ. ಚೆನ್ನಾಜಮ್ಮ ಗಿರಣಿ ಮಾರಿ ಹಣವನ್ನು ಅವಳ ಖಾತೆಗೆ ಹಾಕಿದ್ದರು.

"ದಿಢೀರ್ ಅಂತ ಇಷ್ಟು ಹಣ ಎಲ್ಲಿಂದ ಬಂತು ಅಂತ ಕೇಳಿದಾರೆ ಸರ್," ಎಂದು ಹೇಮ ಒಂದು ಪ್ರಿಂಟ್ ನನ್ನ ಮುಂದಿಟ್ಟಳು. "ಕೊಟ್ಟೋರ ಕೈಯಿಂದ ಕೊಡುಗೆ ಪತ್ರ ಬೇಕಂತೆ. ವಾಪಸ್ ಕೊಡೋ ಹಾಗಿಲ್ಲ ಅಂತಾನೂ ಬರೀಬೇಕಂತೆ."

"ಒಂದ್ ರೂಪಾಯಿ ಕ್ರಯ ಅಂತ ಮಾಡೋಕಾಗಲ್ವಾ?" ಎಂದೆ.

"ಏನನ್ನ ಮಾರಿದೆ ಅಂತ ತೋರಿಸ್ಲಿ ಸರ್, ನನ್ನ ಹತ್ರ ಏನಿದೆ?"

ಚೆನ್ನಾಜಮ್ಮ ಮೇಜಿನ ಮೇಲಿನ ನನ್ನ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. "ಬರೀರಿ ರೈಟ್ರೇ. ದುಡ್ಡು ಕೊಟ್ಟಿದ್ದು ಮರ್ತೋದ್ರೆ ಏನಾಗತ್ತೆ? ಕೊಟ್ಟಿರೋ ದುಡ್ಡು ನೆನಪಿಟ್ಕೊಂಡೋರೆಲ್ಲ ಏನ್ ಸುಖವಾಗವ್ರಾ?"

ನಾನು ಎರಡೇ ವಾಕ್ಯ ಬರೆದೆ. ಚೆನ್ನಾಜಮ್ಮ ಆದ ನಾನು ಹೇಮಲತಾಳಿಗೆ ಇಷ್ಟು ಮೊತ್ತ ಕೊಟ್ಟಿದ್ದೇನೆ. ಇದನ್ನು ಹಿಂದಿರುಗಿಸಬೇಕಾಗಿಲ್ಲ. ಸಂಬಂಧ ಬರೆಯಲಿಲ್ಲ, ಕಾರಣ ಬರೆಯಲಿಲ್ಲ, ಗಿರಣಿಯ ಸುದ್ದಿಗೇ ಹೋಗಲಿಲ್ಲ. ಪ್ರಿಂಟಿನಲ್ಲಿ ಅವನ್ನೂ ಕೇಳಿದ್ದರು. ಕೇಳಿದ್ದನ್ನೆಲ್ಲ ಕೊಡುವ ಅಭ್ಯಾಸ ನನಗಿಲ್ಲ. ಚೆನ್ನಾಜಮ್ಮ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿದರು. ಶಾಯಿ ಒಣಗಿತು. ಅವರು ತಲೆ ಎತ್ತಿ, "ಏನೇ ಹೇಮಿ, ಇಲ್ಲಿಗ್ಯಾಕ್ ಬಂದ್ವಿ? ಇವತ್ತು ಸೋಮವಾರ, ನಿಂಗೆ ಲ್ಯಾಬಿಲ್ವಾ?" ಎಂದರು. ಹೇಮ ನಕ್ಕಳು. ನಾನೂ ನಕ್ಕೆ. ಬಹಳ ಅಗ್ಗದಲ್ಲಿ ಮುಗಿಯಿತು ಎಂದುಕೊಂಡೆವು.

ಇಪ್ಪತ್ತನೆಯ ದಿನ ವಲಸೆ ಕಚೇರಿಯಿಂದ ಉತ್ತರ ಬಂತು. ಕೊಡುಗೆ ಕೊಟ್ಟವರ ಬಳಿ ಇಷ್ಟು ಹಣ ಹೇಗೆ ಬಂತು ಎಂಬುದನ್ನು ಅವರೇ ಬರೆದು ಸಹಿ ಮಾಡಬೇಕು. ಮೂವತ್ತು ದಿನದೊಳಗೆ ಉತ್ತರ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಐದು ವರ್ಷ ಅರ್ಜಿ ಹಾಕುವಂತಿಲ್ಲ.

ಹೇಮ ಪತ್ರವನ್ನು ಓದಿ ಹೇಳಿದಾಗ ಚೆನ್ನಾಜಮ್ಮ ಆಶ್ಚರ್ಯಪಟ್ಟರು. "ಗಿರಣಿ ಮಾರಿದ್ ದುಡ್ಡ ಬ್ಯಾಂಕಲ್ಲಿಟ್ಟಿದೀನಿ ಅಂದ್ಕೊಂಡಿದ್ನಲ್ಲ. ನಿಂಗೆ ಕೊಟ್ಬಿಟ್ನಾ?" ಎಂದು ಕೇಳಿ, ತಾವೇ "ಕೊಟ್ಟಿರ್ತೀನಿ ಬಿಡು. ನಿಂಗ್ ಕೊಡ್ದೆ ಇನ್ಯಾರಿಗ್ ಕೊಡ್ಲಿ," ಎಂದರು.

ಎರಡನೆಯ ಪತ್ರದಲ್ಲಿ ನಾನು ಒಂದೇ ವಾಕ್ಯ ಸೇರಿಸಿದೆ: ನನ್ನ ಹಿಟ್ಟಿನ ಗಿರಣಿಯನ್ನು ಮಾರಿ ಬಂದ ಹಣವಿದು. ಕ್ರಯಪತ್ರದ ನಕಲು ಲಗತ್ತಿಸಿದೆ. ಚೆನ್ನಾಜಮ್ಮ ಸಹಿ ಹಾಕಿದ ಮೇಲೆ ತಮ್ಮ ಮೊಣಕೈ ನೋಡಿಕೊಂಡು, ಸೆರಗಿನಿಂದ ಒರೆಸಿಕೊಂಡರು. ಅಲ್ಲಿ ಏನೂ ಇರಲಿಲ್ಲ.

ಗಿರಣಿ ಅವರ ತಲೆಯಿಂದ ಹೋಯಿತು, ಕಾಲಿನಿಂದ ಹೋಗಲಿಲ್ಲ. ಬೆಳಿಗ್ಗೆ ಆರಕ್ಕೆ ಮನೆಯಿಂದ ಹೊರಟು ಗಿರಣಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾಕೆ ಬಂದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಕೊಂಡುಕೊಂಡಿದ್ದ ಮುನಿಸ್ವಾಮಿ ಒಳ್ಳೆಯ ಮನುಷ್ಯ. ಮೊದಲ ದಿನ ಸ್ಟೂಲು ಹಾಕಿ ಕೂರಿಸಿದ. ಎರಡನೆಯ ದಿನ ಅವರು ಬೀಳುತ್ತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಕಲ್ಲು ಸವೆದೈತೆ ಕಣಪ್ಪ, ಕುಟ್ಟಿಸು," ಎಂದರು. ಅವನು ಕುಟ್ಟಿಸಿದ. ಮೂರನೆಯ ವಾರದಿಂದ ತಿಂಗಳಿಗಿಷ್ಟು ಎಂದು ಸಂಬಳ ಗೊತ್ತುಮಾಡಿ ಅವರನ್ನು ಕೆಲಸಕ್ಕೇ ಇಟ್ಟುಕೊಂಡ. ವಯಸ್ಸಾದವಳಿಗೆ ಯಾರು ಕೆಲಸ ಕೊಡುತ್ತಾರೆ, ಮುನಿಸ್ವಾಮಿ ದೇವರಂಥವನು ಎಂದು ಚೆನ್ನಾಜಮ್ಮ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದರು. ಊರಿನವರು ಹೌದೌದು ಎಂದರು. ಇಂಥದ್ದಕ್ಕೆ ಹೌದೌದು ಎನ್ನುವುದು ನಮಗೆ ಚಿಕ್ಕಂದಿನಿಂದ ರೂಢಿ.

ಮೂರನೆಯ ಸಲ ಕಚೇರಿಯ ಪತ್ರ ಬಂದಾಗ ಹೇಮ ಒಬ್ಬಳೇ ನನ್ನ ಹತ್ತಿರ ಬಂದಳು. ಪ್ರಿಂಟನ್ನು ಕೈಗೆ ಕೊಡಲಿಲ್ಲ, ಓದಿ ಹೇಳಿದಳು. ಕೊಟ್ಟವರಿಗೂ ಪಡೆದವರಿಗೂ ಏನು ಸಂಬಂಧ? ಹೆಸರಿನಲ್ಲಿ ರಕ್ತಸಂಬಂಧ ಕಾಣುವುದಿಲ್ಲ. ಇದ್ದ ಒಂದೇ ಆಸ್ತಿ ಮಾರಿ ಪೂರಾ ಹಣ ಕೊಡಲು ಕಾರಣವೇನು? ಕೊಟ್ಟವರೇ ಬರೆದು ಸಹಿ ಮಾಡಬೇಕು. ಇದೇ ಕೊನೆಯ ಅವಕಾಶ.

"ಇದನ್ನ ಬರೆದ್ರೆ ಅತ್ತೆಗೆ ನಾನೇ ಹೋಗ್ಬಿಡ್ತೀನಿ ಅಲ್ವಾ ಸರ್," ಎಂದಳು.

ಹೌದು ಎಂದು ಹೇಳಬೇಕಾಯಿತು. ಮೊದಲೇ ಎಲ್ಲವನ್ನೂ ಬರೆದಿದ್ದರೆ ಇಷ್ಟು ಸುತ್ತು ಇರುತ್ತಿರಲಿಲ್ಲ, ಒಂದೇ ಏಟಿಗೆ ಆಗಿಹೋಗುತ್ತಿತ್ತು. ಅಥವಾ ಕೇಳಿದ್ದನ್ನೆಲ್ಲ ಬರೆದರೆ ಏನೇನು ಹೋಗುತ್ತದೆ ಎಂದು ಆವತ್ತೇ ಹೇಳಿದ್ದರೆ ಇವರು ಅಲ್ಲಿಗೇ ಕೈಬಿಡುತ್ತಿದ್ದರು, ಗಿರಣಿಯ ನೆನಪಾದರೂ ಉಳಿಯುತ್ತಿತ್ತು. ಅತಿ ಜಾಣತನ ಮಾಡಿ ಒಬ್ಬ ಹೆಂಗಸಿನ ಬದುಕನ್ನು ಕಂತಿನಲ್ಲಿ ಕಿತ್ತಂತಾಗಿತ್ತು. ನನಗೆ ನಾಚಿಕೆಯಾಯಿತು. ಸೂರಪ್ಪ ಎದುರಿನ ಮೇಜಿನಿಂದ ನೋಡುತ್ತಿದ್ದ, ಅವನಿಗೂ ಬೆನ್ನು ತಿರುಗಿಸಿ ಕೂತೆ.

"ನಾನ್ ಹೋಗಲ್ಲ ಸರ್. ಅರ್ಜಿ ಬಿದ್ದೋಗ್ಲಿ."

"ಶ್ರೀಕಂಠ?"

ಅವಳು ಪ್ರಿಂಟನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಹೇಮ ಬಚ್ಚಿಟ್ಟರೂ ಸುದ್ದಿ ನಿಲ್ಲಲಿಲ್ಲ. ಶ್ರೀಕಂಠ ಅಲ್ಲಿಂದ ಫೋನ್ ಮಾಡಿದಾಗ ಚೆನ್ನಾಜಮ್ಮನೇ ಎತ್ತಿದ್ದರು. ಮರುದಿನ ಗಿರಣಿಯಿಂದ ನೇರ ನನ್ನ ಮೇಜಿಗೆ ಬಂದರು, ಹಿಂದೆಯೇ ಹೇಮ. ನಾನು ನನ್ನ ಕೊನೆಯ ಉಪಾಯವನ್ನು ಮುಂದಿಟ್ಟೆ. ಸುಳ್ಳು ಬರೆಯೋಣ, ಏನೂ ಹೋಗುವುದಿಲ್ಲ. ಹೇಮ ಆರನೆಯ ವಯಸ್ಸಿನಿಂದ ಇವರ ಮನೆಯಲ್ಲಿ ಕೆಲಸಕ್ಕಿದ್ದಳು, ಇಪ್ಪತ್ತಾರು ವರ್ಷ ಸಂಬಳ ಕೊಟ್ಟಿರಲಿಲ್ಲ, ಮನಸ್ಸಿಗೆ ಬಂದು ಒಟ್ಟಿಗೇ ಏನೋ ಕೊಟ್ಟರು ಎಂದು ಬರೆದರಾಯಿತು.

ಚೆನ್ನಾಜಮ್ಮ ನನ್ನನ್ನು ನೋಡಿದ ರೀತಿ ನನಗೆ ಇನ್ನೂ ಮರೆತಿಲ್ಲ. "ನಾನ್ ಸಾಕಿದ್ ಮಗೂನ ಆಳು ಅಂತ ಬರೀತೀರಾ? ಬರದು ನನ್ ಕೈಲೇ ಸಹಿ ಹಾಕಿಸ್ತೀರಾ?"

"ನಿಮ್ ಒಳ್ಳೇದಕ್ಕೇ ಅಮ್ಮ. ಇವಳು ನಿಮಗೆ ಉಳೀತಾಳೆ."

"ಉಳಿದು ಏನ್ ಮಾಡ್ಲಿ? ಅವಳು ಆ ದೇಶ್ದಲ್ಲಿ ಇರೋಗಂಟ ಅವರ ಬುಕ್ಕಲ್ಲಿ ಆಳಾಗೇ ಇರ್ತಾಳೆ. ಇದ್ದಂಗೆ ಬರೀರಿ."

ಹೇಮ ಅವರ ಕೈ ಹಿಡಿದುಕೊಂಡಳು. "ಬೇಡ ಅತ್ತೆ. ನೀನ್ ಮರೆತ್ರೆ ನಾನೇನ್ ಮಾಡ್ಲಿ?"

"ನೀನ್ ಮರೆಯಲ್ವಲ್ಲ. ಸಾಕು. ಇಬ್ರೂ ನೆನಪಿಟ್ಕೊಂಡು ಏನಾಗಬೇಕು?"

"ನಂಗೊಬ್ಳಿಗೇ ಹೊರೋಕಾಗಲ್ಲ."

"ಆಗತ್ತೆ. ಆರು ವರ್ಷದಲ್ಲಿ ನಿಮ್ಮಮ್ಮನ್ನ ಹೊತ್ಕೊಂಡು ನಮ್ಮನೆಗೆ ಬಂದಿದ್ದೆ. ಈಗ ನನ್ನ ಹೊತ್ಕೊಂಡ್ ಹೋಗು." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಬರ್ತೀವಿ. ಇವತ್ತೊಂದಿನ ಬೇಕು," ಎಂದರು.

ಆ ಒಂದು ದಿನ ಏನಾಯಿತು ಎಂಬುದನ್ನು ಹೇಮ ಆಮೇಲೆ ನನಗೆ ಹೇಳಿದಳು. ಚೆನ್ನಾಜಮ್ಮ ಗಿರಣಿಗೆ ರಜೆ ಹೇಳಿ, ನಡುಮನೆಯಲ್ಲಿ ಕಾಲು ಚಾಚಿ ಕೂತು, ಅವಳನ್ನು ಎದುರಿಗೆ ಕೂರಿಸಿಕೊಂಡು, ತಮಗೆ ನೆನಪಿದ್ದದ್ದನ್ನೆಲ್ಲ ಒಂದೊಂದಾಗಿ ಅವಳಿಗೆ ಒಪ್ಪಿಸಿದರಂತೆ. ಮೊದಲ ಹಲ್ಲು ಬಿದ್ದಾಗ ಹೆಂಚಿನ ಮೇಲೆ ಎಸೆದದ್ದು ಜಾರಿ ಪಕ್ಕದ ಮನೆಯ ಉಪ್ಪಿನಕಾಯಿ ಜಾಡಿಗೆ ಬಿದ್ದು ಜಗಳವಾದದ್ದು. ದಡಾರ ಬಂದಾಗ ಹನ್ನೊಂದು ದಿನ ಗಿರಣಿ ಮುಚ್ಚಿದ್ದು. ಹನ್ನೊಂದು ದಿನ ಬಾಗಿಲು ಮುಚ್ಚಿತ್ತು ಎನ್ನುವುದು ಮಾತ್ರ ಅವರಿಗೆ ನೆನಪಿತ್ತು, ಯಾವ ಬಾಗಿಲು ಎಂದು ಹೊಳೆಯಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದಾಗ ಬಾರಿಸಿದ್ದು, ಬಾರಿಸಿ ತಾವೇ ಊಟ ಬಿಟ್ಟದ್ದು. ಇದು ನಿಂಗ್ ಗೊತ್ತಾ, ಇದು ಗೊತ್ತಾ ಎಂದು ಕೇಳಿ, ಗೊತ್ತಿಲ್ಲದ್ದನ್ನು ಎರಡು ಸಲ ಹೇಳಿದರಂತೆ. ಹೇಳುವುದು ಮುಗಿದ ಮೇಲೆ ಅಕ್ಕಿ ಆರಿಸಲು ಕೂತರಂತೆ.

ಮೂರನೆಯ ಪತ್ರ ಹೀಗಿತ್ತು: ಹೇಮಲತಾ ನನ್ನ ಗಂಡನ ತಂಗಿಯ ಮಗಳು. ತಾಯಿ ತೀರಿದ ಮೇಲೆ ಆರನೆಯ ವಯಸ್ಸಿನಿಂದ ಇವಳನ್ನು ನಾನು ಸಾಕಿದೆ. ಇವಳಲ್ಲದೆ ನನಗೆ ಬೇರೆ ಮಕ್ಕಳಿಲ್ಲ. ಆದ್ದರಿಂದ ಕೊಟ್ಟೆ. ನಾನು ಬರೆದ ಪತ್ರಗಳಲ್ಲಿ ಇದು ಉದ್ದದ್ದೇನೂ ಅಲ್ಲ. ಚೆನ್ನಾಜಮ್ಮ ಅದನ್ನು ಓದಿಸಿ ಕೇಳಿ, 'ಬೇರೆ' ಎಂಬ ಪದದ ಮೇಲೆ ಬೆರಳಿಟ್ಟು, "ಇದು ಚೆನ್ನಾಗಿ ಬರದಿದೀರಿ," ಎಂದರು. ಹೇಮಳ ಕೆನ್ನೆ ಒಂದು ಸಲ ಸವರಿದರು. ಪೆನ್ನು ತೆಗೆದುಕೊಂಡರು. ಈ ಸಲವೂ ಒಂದೊಂದೇ ಅಕ್ಷರ. ನಾನು ರಸ್ತೆಯ ಕಡೆ ನೋಡುತ್ತಿದ್ದೆ.

ಬರೆದ ಕೂಲಿಯನ್ನು ನಾನು ತೆಗೆದುಕೊಂಡೆನೋ ಇಲ್ಲವೋ ಎಂಬುದನ್ನು ಇಲ್ಲಿ ಕಾಣಿಸುವುದಿಲ್ಲ. ನಾನೂ ಇದೇ ಊರಿನವನು.

ಶಾಯಿ ಒಣಗಿದ ಮೇಲೆ ಚೆನ್ನಾಜಮ್ಮ ಪೆನ್ನು ಮುಚ್ಚಿಟ್ಟು, ಪಕ್ಕದಲ್ಲಿ ಕೂತಿದ್ದವಳ ಕಡೆ ತಿರುಗಿದರು. ತಿರುಗಿ, ಸ್ವಲ್ಪ ಸರಿದು ಜಾಗ ಬಿಟ್ಟರು. "ಯಾಕಮ್ಮ ಅಳ್ತಿದೀರಾ? ಆಫೀಸಲ್ಲಿ ಏನಾದ್ರೂ ತೊಂದ್ರೆ ಆಯ್ತಾ?" ಆಮೇಲೆ ಹತ್ತಿರದಿಂದ ನೋಡಿ ಅವರ ಮುಖ ಅರಳಿತು. "ಅಯ್ಯೋ, ಹಲ್ಲಿನ ಲ್ಯಾಬಿನವ್ರಲ್ವಾ ನೀವು? ನನ್ ಹಲ್ಲು ಮಾಡ್ಕೊಟ್ಟೋರು?"

ಎರಡು ವರ್ಷದ ಹಿಂದೆ ಚೆನ್ನಾಜಮ್ಮನ ಮೇಲಿನ ಹಲ್ಲುಗಳೆಲ್ಲ ಹೋದಾಗ ಹೇಮ ತನ್ನ ಕೈಯಾರೆ ಒಂದು ಸೆಟ್ ಮಾಡಿಕೊಟ್ಟಿದ್ದಳು. ಮುಂದಿನ ಎರಡು ಹಲ್ಲಿನ ನಡುವೆ, ಮೊದಲು ಇದ್ದ ಹಾಗೆಯೇ, ಸಣ್ಣ ಸಂದು ಬಿಟ್ಟಿದ್ದಳು. ನಾವು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ಪತ್ರದಲ್ಲಿ ಹೋಗುವುದು ಕೊಟ್ಟದ್ದು ಮಾತ್ರ. ಪಡೆದದ್ದನ್ನು ಯಾರೂ ಬರೆದಿರಲಿಲ್ಲ.

ಹೇಮ ಕಣ್ಣೊರೆಸಿಕೊಂಡು, "ಹೌದು. ಹಲ್ಲು ಸರಿಯಾಗಿ ಕೂತಿದ್ಯಾ?" ಎಂದಳು.

"ಕಬ್ಬು ತಿಂತೀನಿ," ಎಂದರು ಚೆನ್ನಾಜಮ್ಮ.

ವಲಸೆ ಕಚೇರಿಗೆ ಈ ಸಲ ತೃಪ್ತಿಯಾಯಿತು. ಅನುಮತಿ ಬಂದು, ಟಿಕೆಟ್ ಆಗುವವರೆಗೆ ಐದು ವಾರ ಹಿಡಿಯಿತು. ಅಷ್ಟು ದಿನವೂ ಹೇಮ ಅದೇ ಮನೆಯಲ್ಲಿ, ಹಿಂದಿನ ರೂಮಿನಲ್ಲಿ ಬಾಡಿಗೆಗಿರುವವಳು ಎಂದು ಹೇಳಿಕೊಂಡು ಇದ್ದಳು. ಹೇಳಿದ್ದಕ್ಕೆ ಸರಿಯಾಗಿ ಬಾಡಿಗೆಯನ್ನೂ ಕೊಟ್ಟಳು. ಚೆನ್ನಾಜಮ್ಮ ಅವಳನ್ನು ಬನ್ನಿ ಹೋಗಿ ಎಂದೇ ಮಾತಾಡಿಸುತ್ತಿದ್ದರು. ಹುಳಿ ಮಾಡಿದ ದಿನ ಒಂದು ಬಟ್ಟಲು ಮುಚ್ಚಿ ತಂದು, ನಮ್ಮನೆ ರುಚಿ ನಿಮಗೆ ಹಿಡಿಸುತ್ತೋ ಇಲ್ಲವೋ ಎಂದು ಸಂಕೋಚದಿಂದ ಕೊಡುತ್ತಿದ್ದರಂತೆ. ಒಂದು ದಿನ ಹೇಮ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಪೂರ್ತಿ ಕೇಳಿ, "ಪಾಪ, ಒಳ್ಳೇ ಹೆಂಗಸು ಕಣಮ್ಮ ನಿಮ್ಮತ್ತೆ," ಎಂದರು. ಬೆಳಿಗ್ಗೆ ಅದೂ ಇರಲಿಲ್ಲ. ಆಮೇಲೆ ಅವಳು ಹೇಳಲಿಲ್ಲ.

ಅವಳು ಹೊರಡುವ ದಿನ ಹತ್ತು ಗಂಟೆಗೆ ಚೆನ್ನಾಜಮ್ಮ ನನ್ನ ಮೇಜಿಗೆ ಬಂದರು. ಮೊಣಕೈವರೆಗೆ ಗೋಧಿ ಹಿಟ್ಟು. ಸೊಂಟದಿಂದ ಒಂದು ಬಟ್ಟೆ ಗಂಟು ತೆಗೆದು ಬಿಚ್ಚಿದರು. ಒಂದು ಜೊತೆ ಚಿನ್ನದ ಬಳೆ. ಅವರ ಮದುವೆಯದ್ದು, ಗಿರಣಿ ಮಾರಿದಾಗಲೂ ಅದನ್ನು ಮುಟ್ಟಿರಲಿಲ್ಲ, ಕೊನೆಗಾಲಕ್ಕೆ ಇರಲಿ ಎಂದು ಹೇಮಳೇ ಹಟ ಹಿಡಿದು ಉಳಿಸಿದ್ದಳು.

"ರೈಟ್ರೇ, ಒಂದ್ ಮಾತು ಕೇಳ್ಬೇಕಿತ್ತು. ನಮ್ಮನೆ ಹಿಂದಿನ್ ರೂಮಲ್ಲಿ ಒಂದ್ ಹೆಣ್ಮಗು ಬಾಡಿಗೆಗೈತೆ. ಇವತ್ತು ಗಂಡನ ಹತ್ರ ಹೋಗ್ತಾವ್ಳೆ, ಪರದೇಶಕ್ಕೆ. ನಂಗೆ ಹಲ್ಲು ಮಾಡ್ಕೊಟ್ಟೋಳು ಅವಳೇಯ. ಒಂದ್ ಕಾಸು ತಗೊಳ್ಲಿಲ್ಲ. ನಾನ್ ಅವಳಿಗೆ ಏನೂ ಕೊಟ್ಟಿಲ್ಲ. ಹೋಗ್ಲಿ ಒಂದ್ ರವಿಕೆ ಬಟ್ಟೇನೂ ಕೊಟ್ಟಿಲ್ಲ. ಬೆಳಗಿಂದ ಹೊಟ್ಟೆಗೆ ಏನೂ ಇಳೀತಿಲ್ಲ ನಂಗೆ."

ಅವರು ಬಳೆಗಳನ್ನು ಸೆರಗಿನಿಂದ ಒರೆಸಿದರು.

"ಇದನ್ನ ಕೊಡೋಣ ಅಂತ. ಕಾಗ್ದ ಮಾಡಿಸ್ಬೇಕಾ? ಪರದೇಶ್ದಲ್ಲಿ ಇದು ಎಲ್ಲಿಂದ ಬಂತು ಅಂತ ಅವಳನ್ನ ಕೇಳಿದ್ರೆ?"

"ಕೈಗೆ ಹಾಕ್ಕೊಂಡಿದ್ದನ್ನ ಯಾರೂ ಕೇಳಲ್ಲ ಅಮ್ಮ. ಕಾಗ್ದ ಬೇಡ."

ಹೇಮಳ ಆಟೋ ನನ್ನ ಜಗಲಿಯ ಮುಂದೆ ನಿಂತಿತು. ನನಗೆ ಹೇಳಿ ಹೋಗಲು ಬಂದಿದ್ದಳು. ಚೆನ್ನಾಜಮ್ಮ ಬಳೆ ಹಿಡಿದುಕೊಂಡು ಅವಳ ಮುಂದೆ ನಿಂತರು, ನಾಚಿಕೊಂಡು, ಬಾಡಿಗೆಯವರ ಮುಂದೆ ನಿಲ್ಲುವ ಹಾಗೆ. "ತಪ್ ತಿಳ್ಕೋಬೇಡಿ. ಹಳೇದು, ಆದ್ರೆ ಗಟ್ಟಿ ಐತೆ." ಹೇಮ ಬಳೆ ನೋಡಿದಳು, ನನ್ನನ್ನು ನೋಡಿದಳು. ತೆಗೆದುಕೊಂಡರೆ ಅವರ ಕೊನೆಗಾಲಕ್ಕೆ ಉಳಿದಿದ್ದ ಒಂದೂ ಹೋಗುತ್ತದೆ. ಬೇಡವೆಂದರೆ, ಈ ಹೆಂಗಸು ತಾನು ಯಾರಿಗೂ ಏನೂ ಕೊಡದವಳು ಎಂದುಕೊಂಡು ಉಳಿದ ದಿನ ಕಳೆಯಬೇಕು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಅದು ನಾನು ಬರೆದುಕೊಡಬಹುದಾದ ಸಂಗತಿಯಾಗಿರಲಿಲ್ಲ.

ಹೇಮ ಎರಡೂ ಕೈ ಮುಂದೆ ಚಾಚಿದಳು. "ನೀವೇ ತೊಡಿಸಿ."

ಚೆನ್ನಾಜಮ್ಮ ಅವಳ ಹೆಬ್ಬೆರಳನ್ನು ಒಳಗೆ ಮಡಿಸಿ, ಗಿಣ್ಣುಗಳನ್ನು ಒಟ್ಟಿಗೆ ಒತ್ತಿ ಹಿಡಿದು, ನೋವಾಗದಂತೆ ಒಂದೊಂದಾಗಿ ತೊಡಿಸಿದರು. ಅವಳ ಕೈಗೆಲ್ಲ ಹಿಟ್ಟು ಮೆತ್ತಿತು. ಆಟೋ ಹೊರಟಾಗ ಅವಳು ಅದನ್ನು ಒರೆಸಿಕೊಳ್ಳದೆ, ಎರಡೂ ಕೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದಳು.

ಇದೆಲ್ಲ ಆಗಿ ಮೂರು ವರ್ಷವಾಯಿತು. ಆ ದೇಶದಿಂದ ಪ್ರತಿ ತಿಂಗಳೂ ಮುನಿಸ್ವಾಮಿಗೆ ಹಣ ಬರುತ್ತದೆ, ಅವನು ಅದನ್ನು ಸಂಬಳದಲ್ಲಿ ಸೇರಿಸಿ ಕೊಡುತ್ತಾನೆ. ಚೆನ್ನಾಜಮ್ಮ ಗಿರಣಿಗೆ ಹೋಗುವಾಗ ನನ್ನ ಜಗಲಿಯ ಮುಂದೆ ಹಾದು ಹೋಗುತ್ತಾರೆ. ಬಳೆಯ ಸಂಗತಿ ಮಾತ್ರ ಅವರಿಗೆ ಇವತ್ತಿಗೂ ನಿನ್ನೆ ನಡೆದಷ್ಟು ಚೆನ್ನಾಗಿ ನೆನಪಿದೆ. ಕೆಲವು ದಿನ ನಿಂತು, ಸಂದು ಹಲ್ಲು ಕಾಣುವಂತೆ ನಕ್ಕು, ಅದನ್ನೇ ಹೇಳುತ್ತಾರೆ.

"ಹೆಂಗೋ ರೈಟ್ರೇ, ಆ ಹೆಣ್ಮಗೂನ ಬರಿಗೈಲಿ ಕಳಿಸ್ಲಿಲ್ಲ ನಾನು."